ನಿಧಾನವಾಗಿ ಕಾಫಿ ಕುಡಿಯುವ ಊರು

ಮನೆಯಲ್ಲಿ ಯುರೋಪಿನ ಭೂಪಟವಿದ್ದರೆ ತೆಗೆದು ಹರಡಿ ಮಕ್ಕಳೇ. ಅಜ್ಜ ಅಜ್ಜಿಯ ಕನ್ನಡಕವನ್ನೂ ತಂದುಕೊಡಿ. ಇಟಲಿ ದೇಶದ ಬೂಟು ಕಾಣಿಸಿತೆ? ಬೂಟಿನ ಬಲಕ್ಕೆ ಏಡ್ರಿಯಾಟಿಕ್ ಸಮುದ್ರ. ಅದನ್ನು ದಾಟಿ ಆಚೆ ದಡ ಹತ್ತಿದರೆ ಮೊದಲು ಕ್ರೊಯೇಷಿಯಾ. ಅದರ ಬೆನ್ನಿಗೇ, ಬೆಟ್ಟಗಳ ನಡುವೆ, ಹೆಚ್ಚುಕಡಿಮೆ ಹೃದಯದ ಆಕಾರದ ಒಂದು ದೇಶವಿದೆ. ಅದೇ ಬೋಸ್ನಿಯಾ ಮತ್ತು ಹರ್ಜೆಗೋವಿನಾ. ಹೆಸರು ಉದ್ದ, ದೇಶ ಚಿಕ್ಕದು. ನಮ್ಮ ಕರ್ನಾಟಕದ ಕಾಲುಭಾಗಕ್ಕಿಂತ ತುಸು ದೊಡ್ಡದು, ಅಷ್ಟೇ. ನಮಗೆ ಕಾರವಾರದಿಂದ ಮಂಗಳೂರಿನವರೆಗೆ 300 ಕಿಲೋಮೀಟರಿಗೂ ಹೆಚ್ಚು ಕಡಲ ತೀರವಿದೆ. ಪಾಪ, ಅವರ ಪಾಲಿಗೆ ಬಂದಿರುವುದು ಸುಮಾರು 20 ಕಿಲೋಮೀಟರ್. ಉಳಿದದ್ದೆಲ್ಲ ಬೆಟ್ಟ, ಕಾಡು, ಹಸಿರು ಬಣ್ಣದ ನದಿಗಳು.

ನಾನು ಅಲ್ಲಿಗೆ ಹೋದದ್ದು ಮಗಳ ದೆಸೆಯಿಂದ. ಅವಳು ಜರ್ಮನಿಯಲ್ಲಿದ್ದಾಳೆ. ಅವಳ ಜತೆ ಕೆಲಸ ಮಾಡುವ ಗೆಳತಿಯೊಬ್ಬಳು ಬೋಸ್ನಿಯಾದವಳು. 1992ರಲ್ಲಿ ಅಲ್ಲಿ ಯುದ್ಧ ಶುರುವಾದಾಗ ಚಿಕ್ಕ ಹುಡುಗಿಯಾಗಿ, ಚಿಕ್ಕಮ್ಮನ ಕೈ ಹಿಡಿದು ಬಸ್ಸು ಹತ್ತಿ ಜರ್ಮನಿಗೆ ಬಂದವಳು. ಅವಳ ಅಮ್ಮ ಮಾತ್ರ ಊರು ಬಿಡಲಿಲ್ಲ. ಈಗಲೂ ರಾಜಧಾನಿ ಸರಾಯೆವೊದಲ್ಲಿ, ಅದೇ ಮನೆಯಲ್ಲಿ ಇದ್ದಾರೆ. ‘ಜುಲೈ ರಜೆಗೆ ಎಲ್ಲರೂ ನಮ್ಮೂರಿಗೆ ಬನ್ನಿ. ಹೋಟೆಲಿನಲ್ಲಿ ಇಳಿದುಕೊಂಡಿರೋ, ಅಮ್ಮ ನನ್ನನ್ನೇ ಮನೆಯೊಳಗೆ ಸೇರಿಸುವುದಿಲ್ಲ’ ಎಂದು ಆ ಹುಡುಗಿ ಹೆದರಿಸಿಬಿಟ್ಟಳು. ಹಾಗಾಗಿ ಮಗಳು, ಹತ್ತು ವರ್ಷದ ಮೊಮ್ಮಗಳು, ಸಸ್ಯಾಹಾರಿಯಾದ ನಾನು, ನನ್ನ ಚೀಲದಲ್ಲಿ ಎರಡು ಡಬ್ಬಿ ಚಟ್ನಿಪುಡಿ, ಎಲ್ಲ ಒಟ್ಟಾಗಿ ಹೊರಟೆವು.

ಆ ಅಮ್ಮನನ್ನು ಎಲ್ಲರೂ ಕರೆಯುವುದು ‘ನೇನಾ’ ಅಂತ. ಹಾಗೆಂದರೆ ಅಜ್ಜಿ. ನಾನೂ ಹಾಗೇ ಬರೆಯುತ್ತೇನೆ. ನೇನಾಗೆ ಎಪ್ಪತ್ತೈದರ ಆಸುಪಾಸು, ತಲೆಗೆ ಹೂವಿನ ಸ್ಕಾರ್ಫು. ಬಾಗಿಲು ತೆರೆದವರೇ ‘ಬುಯ್ರುಮ್, ಬುಯ್ರುಮ್’ ಎಂದರು. ಬನ್ನಿ, ಕೂತುಕೊಳ್ಳಿ, ತೆಗೆದುಕೊಳ್ಳಿ, ಎಲ್ಲದಕ್ಕೂ ಅದೊಂದೇ ಮಾತು. ಹೊಸ್ತಿಲ ಬಳಿ ಚಪ್ಪಲಿ ಬಿಟ್ಟೆವು. ಯುರೋಪಿನಲ್ಲಿ ಬೂಟು ಹಾಕಿಕೊಂಡೇ ಮನೆಯೊಳಗೆ ಓಡಾಡುವುದನ್ನು ಕಂಡು ಒಳಗೊಳಗೇ ಗೊಣಗಿಕೊಂಡಿದ್ದ ನನಗೆ ಹಾಯೆನಿಸಿತು. ಬಾಗಿಲ ಪಕ್ಕದ ಗೂಡಿನಲ್ಲಿ ಬಂದವರಿಗೆಂದೇ ಮನೆಯೊಳಗೆ ಹಾಕಿಕೊಳ್ಳುವ ಚಪ್ಪಲಿಗಳು ಸಾಲಾಗಿ ಇದ್ದವು.

ಆಮೇಲೆ ಕಾಫಿ ಬಂತು. ‘ಬಂತು’ ಎಂದು ಒಂದೇ ಮಾತಿನಲ್ಲಿ ಹೇಳಿದರೆ ನೇನಾಗೆ ಸಿಟ್ಟು ಬಂದೀತು. ಮೊದಲು ನೀರು ಕುದಿಸಿದರು. ಅದರಲ್ಲಿ ಸ್ವಲ್ಪವನ್ನು ಬೇರೆ ತೆಗೆದಿಟ್ಟರು. ಉದ್ದ ಹಿಡಿಯ, ಒಳಗೆ ಕಲಾಯಿ ಮಾಡಿದ ತಾಮ್ರದ ಚಿಕ್ಕ ಪಾತ್ರೆಗೆ ನಯವಾದ ಕಾಫಿಪುಡಿ ಹಾಕಿ ಬಿಸಿನೀರು ಸುರಿದು ಮತ್ತೆ ಉರಿಗೆ ಇಟ್ಟರು. ಈ ಪಾತ್ರೆಯ ಹೆಸರು ಜೆಜ್ವಾ. ನೊರೆ ಉಕ್ಕಿ ಅಂಚಿಗೆ ಬರುತ್ತಿದ್ದ ಹಾಗೆ ಇಳಿಸಿ, ತೆಗೆದಿಟ್ಟ ನೀರನ್ನು ಮೇಲೆ ಹನಿಸಿದರು. ಪುಡಿ ತಳ ಸೇರಿತು. ಗುಂಡನೆಯ ತಾಮ್ರದ ತಟ್ಟೆಯಲ್ಲಿ ಜೆಜ್ವಾ, ಹಿಡಿಯಿಲ್ಲದ ಪುಟ್ಟ ಪಿಂಗಾಣಿ ಬಟ್ಟಲುಗಳು, ಸಕ್ಕರೆ ಉಂಡೆ, ಒಂದು ಲೋಟ ನೀರು, ಗುಲಾಬಿಯ ವಾಸನೆಯ ಮೆತ್ತನೆಯ ಸಿಹಿ. ಬಟ್ಟಲಿಗೆ ಫಿಲ್ಜಾನ್ ಎನ್ನುತ್ತಾರೆ. ಚಮಚದಿಂದ ಮೊದಲು ನೊರೆಯನ್ನು ಫಿಲ್ಜಾನಿಗೆ ಹಂಚಿ, ಅದರ ಮೇಲೆ ಕಾಫಿ ಸುರಿಯಬೇಕು. ಸಕ್ಕರೆಯನ್ನು ಕದಡುವಂತಿಲ್ಲ. ಉಂಡೆಯ ಮೂಲೆಯನ್ನು ಕಾಫಿಯಲ್ಲಿ ಅದ್ದಿ, ಚೂರು ಕಚ್ಚಿ ನಾಲಿಗೆಯ ಕೆಳಗಿಟ್ಟುಕೊಂಡು ಒಂದು ಗುಟುಕು ಹೀರಬೇಕು. ಹಾಲಿನ ಸುದ್ದಿಯೇ ಇಲ್ಲ. ಫಿಲ್ಟರ್ ಕಾಫಿಯವಳಾದ ನನಗೆ ಮೊದಲ ಗುಟುಕು ಕಷಾಯದ ಹಾಗಿತ್ತು. ನಾಲ್ಕನೆಯ ದಿನದ ಹೊತ್ತಿಗೆ ಮಧ್ಯಾಹ್ನ ಮೂರು ಗಂಟೆಯಾಯಿತೆಂದರೆ ನಾನೇ ಅಡುಗೆಮನೆಯ ಕಡೆ ನೋಡತೊಡಗಿದ್ದೆ!

ಇದೇ ಕಾಫಿ ನಮ್ಮ ಚಿಕ್ಕಮಗಳೂರಿಗೂ ಅವರ ಊರಿಗೂ ಒಂದೇ ಕಡೆಯಿಂದ ಬಂದದ್ದು. ಅರೇಬಿಯಾದ ತುದಿಯಲ್ಲಿರುವ ಯೆಮನ್ ದೇಶದಿಂದ. ಅಲ್ಲಿನ ಮೋಖಾ ಬಂದರಿನಿಂದ ಬಾಬಾ ಬುಡನ್ ಏಳು ಕಾಫಿ ಬೀಜ ತಂದು ಗಿರಿಯಲ್ಲಿ ಬಿತ್ತಿದರು ಎಂಬ ಕಥೆ ನಿಮಗೆ ಗೊತ್ತಿದೆ. ಅತ್ತ ಯೆಮನ್ನಿನ ಕಾಫಿ ತುರ್ಕಿಯ ಸುಲ್ತಾನರ ಸಾಮ್ರಾಜ್ಯದ ದಾರಿ ಹಿಡಿದು ಇಸ್ತಾಂಬುಲಿಗೆ, ಅಲ್ಲಿಂದ ಬಾಲ್ಕನ್ ಬೆಟ್ಟಗಳಿಗೆ ಹೋಯಿತು. ಬೋಸ್ನಿಯಾ 1463ರಿಂದ 1878ರವರೆಗೆ, ನಾನೂರು ವರ್ಷಕ್ಕೂ ಮೀರಿ ಆ ಸುಲ್ತಾನರ ಕೈಯಲ್ಲಿತ್ತು. ಆಮೇಲೆ 1918ರವರೆಗೆ ಆಸ್ಟ್ರಿಯಾ-ಹಂಗೇರಿಯ ಚಕ್ರವರ್ತಿಗಳದ್ದು. ಹೀಗಾಗಿ ಊಟದಲ್ಲೂ ಮಾತಿನಲ್ಲೂ ಎರಡೂ ಕಡೆಯ ರುಚಿ.

ಕಾಫಿಯಲ್ಲೂ ಬಗೆಗಳುಂಟು ಎಂದು ನೇನಾ ಬೆರಳು ಮಡಿಸಿ ಹೇಳಿದರು. ಬಂದ ಕೂಡಲೇ ಕೊಡುವುದು ಬರಮಾಡಿಕೊಳ್ಳುವ ಕಾಫಿ. ಹರಟೆ ಶುರುವಾದ ಮೇಲೆ ಮಾತಿನ ಕಾಫಿ. ಅತಿಥಿ ಎಷ್ಟು ಹೊತ್ತಾದರೂ ಏಳದಿದ್ದರೆ ಕೊನೆಗೊಂದು ಬರುತ್ತದೆ, ಅದು ‘ಇನ್ನು ಹೊರಡಿ’ ಕಾಫಿ! ನಮ್ಮಲ್ಲಿ ಅರಿಶಿನ ಕುಂಕುಮ ಮುಂದೆ ಬಂತೆಂದರೆ ಹೊರಡಬಹುದು ಎಂದು ಅರ್ಥವಲ್ಲವೆ, ಹಾಗೆ. ನಮಗೆ ಆ ಮೂರನೆಯ ಕಾಫಿ ಕೊಡಲೇ ಇಲ್ಲ. ಅವಸರ ಮಾಡಿದಾಗಲೆಲ್ಲ ಸಿಕ್ಕಿದ್ದು ಒಂದು ಮಾತು: ‘ಪೊಲಾಕೊ’. ನಿಧಾನ.

ಭಾಷೆ ಬಾರದಿದ್ದರೂ ಮೊಮ್ಮಗಳಿಗೆ ಅಲ್ಲೊಂದು ಆಟ ಸಿಕ್ಕಿತು. ಅಂಗಡಿಯಲ್ಲಿ ಸಾಬೂನಿಗೆ ‘ಸಾಪುನ್’ ಎಂದರು. ಸಕ್ಕರೆಗೆ ‘ಶೆಚೆರ್’. ಚಹಾಕ್ಕೆ ‘ಚಾಯ್’. ಅಂಗಿಯ ಜೇಬಿಗೆ ‘ಜೆಪ್’. ಷರಬತ್ತು ‘ಶೆರ್ಬೆತ್’, ಭಕ್ಷೀಸು ‘ಬಕ್ಶಿಶ್’, ಹಲ್ವ ಅಲ್ಲೂ ಹಲ್ವವೇ. ಪಾರಸಿ, ಅರಬ್ಬಿ, ತುರ್ಕಿ ಮಾತುಗಳು ವ್ಯಾಪಾರಿಗಳ ಮೂಟೆಯಲ್ಲಿ ಕೂತು ಅತ್ತಲೂ ಹೋಗಿವೆ, ಇತ್ತಲೂ ಬಂದಿವೆ. ಇನ್ನೂ ಸೋಜಿಗವೆಂದರೆ ಅವರ ಎಣಿಕೆ. ಎರಡರಿಂದ ಎಣಿಸುತ್ತೇನೆ ಕೇಳಿ: ದ್ವಾ, ತ್ರಿ, ಚೆತಿರಿ, ಪೆತ್, ಶೆಸ್ತ್, ಸೆದಮ್, ಒಸಮ್, ದೆವೆತ್, ದೆಸೆತ್. ಸಂಸ್ಕೃತದ ದ್ವಿ, ತ್ರಿ, ಚತುರ್, ಪಂಚ, ಷಟ್, ಸಪ್ತ, ಅಷ್ಟ, ನವ, ದಶ ಪಕ್ಕದಲ್ಲಿಟ್ಟು ನೋಡಿ. ಆಕಾಶಕ್ಕೆ ‘ನೆಬೊ’, ನಮ್ಮ ನಭ. ಹೊಗೆಗೆ ‘ದಿಮ್’, ನಮ್ಮ ಧೂಮ. ಜೇನಿಗೆ ‘ಮೆದ್’, ನಮ್ಮ ಮಧು. ಸಂಸ್ಕೃತವೂ ಬೋಸ್ನಿಯಾದ ಸ್ಲಾವಿಕ್ ಭಾಷೆಯೂ ಒಂದೇ ದೊಡ್ಡ ಕುಟುಂಬದ ದೂರದ ದಾಯಾದಿಗಳು. ಕನ್ನಡದ ಕುಟುಂಬ ಬೇರೆ, ಆದರೆ ಈ ಮಾತುಗಳನ್ನು ನಾವು ಸಂಸ್ಕೃತದಿಂದ ತೆಗೆದುಕೊಂಡು ಮನೆಮಾತು ಮಾಡಿಕೊಂಡಿದ್ದೇವಲ್ಲ.

ಮರುದಿನ ಪೇಟೆಗೆ ಹೋದೆವು. ಹಳೆಯ ಪೇಟೆಯ ಹೆಸರು ಬಾಶ್‌ಚಾರ್ಶಿಯಾ. ನಡುವೆ ಮರದ ಚಾವಣಿಯ ಒಂದು ನೀರಿನ ಮಂಟಪ, ಸುತ್ತ ನೂರಾರು ಪಾರಿವಾಳ. ಆ ನೀರು ಕುಡಿದವರು ಸರಾಯೆವೊಗೆ ಮತ್ತೆ ಬರುತ್ತಾರಂತೆ. ಮೊಮ್ಮಗಳು ಎರಡು ಬಾಟಲಿ ಕುಡಿದಳು. ಪಕ್ಕದ ಓಣಿ ಕಂಚುಗಾರರದ್ದು, ದಿನವಿಡೀ ಟಣ್ ಟಣ್ ಟಣ್. ತಾಮ್ರದ ಜೆಜ್ವಾ, ತಟ್ಟೆಗಳ ಮೇಲೆ ಉಳಿಯಿಟ್ಟು ಬಳ್ಳಿ ಕೆತ್ತುತ್ತಾರೆ. ಯುದ್ಧದಲ್ಲಿ ಬಿದ್ದ ಫಿರಂಗಿ ಗುಂಡಿನ ಹಿತ್ತಾಳೆ ಕವಚಕ್ಕೂ ಅದೇ ಬಳ್ಳಿ ಕೆತ್ತಿ ಹೂದಾನಿ ಮಾಡಿ ಇಟ್ಟಿದ್ದರು. ಕೊಳ್ಳಲು ನನಗೆ ಮನಸ್ಸಾಗಲಿಲ್ಲ.

1531ರಲ್ಲಿ ಕಟ್ಟಿದ ಗಾಜಿ ಹುಸ್ರೆವ್ ಬೇ ಮಸೀದಿಯ ಮಗ್ಗುಲಲ್ಲಿ ಒಂದು ಗಡಿಯಾರದ ಗೋಪುರವಿದೆ. ನಾವು ನೋಡಿದಾಗ ಮಟಮಟ ಮಧ್ಯಾಹ್ನ, ಗಡಿಯಾರದಲ್ಲಿ ಮಾತ್ರ ಬೇರೇನೋ ಗಂಟೆ. ‘ಕೆಟ್ಟಿದೆ’ ಎಂದು ಮೊಮ್ಮಗಳು ತೀರ್ಪು ಕೊಟ್ಟಳು. ಕೆಟ್ಟಿಲ್ಲ! ಆ ಗಡಿಯಾರದಲ್ಲಿ ಹನ್ನೆರಡು ಹೊಡೆಯುವುದು ಸೂರ್ಯ ಮುಳುಗಿದಾಗ. ಸೂರ್ಯಾಸ್ತ ದಿನದಿನಕ್ಕೂ ಸ್ವಲ್ಪ ಹಿಂದೆ ಮುಂದೆ ಆಗುತ್ತದೆಯಲ್ಲ, ಅದಕ್ಕಾಗಿ ಒಬ್ಬರು ಗೋಪುರ ಹತ್ತಿ ಆಗಾಗ ಮುಳ್ಳು ಸರಿಪಡಿಸುತ್ತಾರೆ. ಸೂರ್ಯೋದಯದಿಂದ ಘಳಿಗೆ ಎಣಿಸುವ ನಮ್ಮ ಪಂಚಾಂಗದವರಿಗೆ ಇದು ವಿಚಿತ್ರವೆನಿಸದು.

ಅಲ್ಲಿಂದ ನಡೆದರೆ ಕೆಲವೇ ನೂರು ಹೆಜ್ಜೆಗಳಲ್ಲಿ ಹದಿನಾರನೆಯ ಶತಮಾನದ ಯಹೂದಿ ಮಂದಿರ, ಆರ್ಥೊಡಾಕ್ಸ್ ಕ್ರೈಸ್ತರ ಹಳೆಯ ಇಗರ್ಜಿ, ಕ್ಯಾಥೊಲಿಕ್ಕರ ದೊಡ್ಡ ಚರ್ಚು. ನಾಲ್ಕು ಬಗೆಯ ಪ್ರಾರ್ಥನೆ, ಒಂದೇ ಪೇಟೆ. ರಸ್ತೆಯ ನಡುವೆ ಒಂದು ಗೆರೆ ಹಾಕಿದ್ದಾರೆ. ಅದರ ಮೇಲೆ ನಿಂತು ಒಂದು ಕಡೆ ನೋಡಿದರೆ ತುರ್ಕಿ ಕಾಲದ ತಗ್ಗು ಹೆಂಚಿನ ಅಂಗಡಿಗಳು, ಇನ್ನೊಂದು ಕಡೆ ತಿರುಗಿದರೆ ವಿಯೆನ್ನಾದ ಹಾಗೆ ಎತ್ತರದ ಕಟ್ಟಡಗಳು. ಹತ್ತಿರದಲ್ಲೇ, ಹೊಳೆಯ ಮೇಲಿನ ಸೇತುವೆಯ ಪಕ್ಕ, 1914ರ ಜೂನ್ 28ರಂದು ಆಸ್ಟ್ರಿಯಾದ ಯುವರಾಜನಿಗೆ ಗುಂಡು ಹೊಡೆದದ್ದು. ಮೊದಲನೆಯ ಮಹಾಯುದ್ಧಕ್ಕೆ ಕಿಡಿ ಬಿದ್ದದ್ದು ಅಲ್ಲೇ. ಪಾಠಪುಸ್ತಕದಲ್ಲಿ ಓದಿದ್ದೀರಿ, ಹೆಚ್ಚು ಹೇಳುವುದಿಲ್ಲ.

ಊಟದ ಮಾತಿಗೆ ಬರುತ್ತೇನೆ. ಬೋಸ್ನಿಯಾದವರಿಗೆ ಮಾಂಸವೆಂದರೆ ಪ್ರಾಣ. ‘ಚೆವಾಪಿ’ ಎಂಬುದು ಅವರ ಬೀದಿಯ ರಾಜ. ದನದ, ಕುರಿಯ ಮಾಂಸವನ್ನು ಕೊಚ್ಚಿ ಬೆರಳಿನಷ್ಟು ಉದ್ದಕ್ಕೆ ಉಂಡೆ ಕಟ್ಟಿ ಕೆಂಡದ ಮೇಲೆ ಸುಡುತ್ತಾರೆ. ಅದನ್ನು ‘ಸೊಮುನ್’ ಎಂಬ ಮೆತ್ತನೆಯ ದುಂಡು ರೊಟ್ಟಿಯೊಳಗೆ ಇಟ್ಟು, ಹಸಿ ಈರುಳ್ಳಿ, ಕೆನೆಯಂಥ ‘ಕಾಯ್ಮಾಕ್’ ಜತೆ ಕೊಡುತ್ತಾರೆ. ನಾನು ಸೊಮುನ್ನನ್ನೂ ಕಾಯ್ಮಾಕನ್ನೂ ಮಾತ್ರ ತಿಂದೆ, ಹೊಟ್ಟೆ ತುಂಬಿತು. ರಂಜಾನ್ ತಿಂಗಳಲ್ಲಿ ಸೊಮುನ್ ಮೇಲೆ ಕರಿಜೀರಿಗೆ ಉದುರಿಸುತ್ತಾರಂತೆ. ಸಂಜೆ ಸೌದೆ ಒಲೆಯ ಅಂಗಡಿಗಳ ಮುಂದೆ ಉದ್ದದ ಸಾಲು, ಎಲ್ಲರ ಕಂಕುಳಲ್ಲೂ ಬಿಸಿ ರೊಟ್ಟಿ. ಬೆಟ್ಟದ ಹಳದಿ ಕೋಟೆಯಿಂದ ಢಂ ಎಂದು ತೋಪು ಹಾರಿದ ಕೂಡಲೇ ಉಪವಾಸ ಬಿಡುತ್ತಾರೆ. ಮಕ್ಕಳು ತೋಪು ನೋಡಲೆಂದೇ ಕೋಟೆ ಹತ್ತುತ್ತಾರಂತೆ. ನೀವಾಗಿದ್ದರೂ ಹತ್ತುತ್ತಿದ್ದಿರಿ.

ಮಾಂಸ ತಿನ್ನದವರು ಒಂದು ಮಾತು ನೆನಪಿಡಬೇಕು. ಬೇರೆ ದೇಶಗಳಲ್ಲಿ ಎಂಥ ಹೂರಣವಿದ್ದರೂ ‘ಬುರೆಕ್’ ಎನ್ನುತ್ತಾರೆ. ಬೋಸ್ನಿಯಾದಲ್ಲಿ ಬುರೆಕ್ ಎಂದರೆ ಮಾಂಸದ್ದು ಮಾತ್ರ. ಈ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ಉಳಿದದ್ದಕ್ಕೆಲ್ಲ ‘ಪೀತಾ’ ಎಂದು ಹೆಸರು. ಆಲೂಗಡ್ಡೆಯದು ಕ್ರೊಂಪಿರುಶಾ, ಗಿಣ್ಣಿನದು ಸಿರ್ನಿತ್ಸಾ, ಪಾಲಕ್ ಸೊಪ್ಪಿನದು ಜೆಲ್ಯಾನಿತ್ಸಾ. ಈ ಮೂರು ಹೆಸರು ಬಾಯಿಪಾಠವಾದರೆ ಉಪವಾಸ ಬೀಳುವ ಭಯವಿಲ್ಲ.

ನೇನಾ ಪೀತಾ ಮಾಡುವುದನ್ನು ಅರ್ಧ ದಿನ ಕೂತು ನೋಡಿದೆ. ಮೈದಾ, ನೀರು, ಉಪ್ಪು, ಎಣ್ಣೆ. ನಾದಿ, ನೆನೆಯಲು ಬಿಟ್ಟು, ಊಟದ ಮೇಜಿನ ಮೇಲೆ ಶುಭ್ರವಾದ ಬಟ್ಟೆ ಹಾಸಿದರು. ಮೊದಲು ಲಟ್ಟಣಿಗೆ, ಆಮೇಲೆ ಬರೀ ಕೈ. ಮುಷ್ಟಿಯ ಹಿಂಭಾಗವನ್ನು ಹಿಟ್ಟಿನ ಕೆಳಗೆ ತೂರಿಸಿ ಎಳೆಯುತ್ತ ಮೇಜಿನ ಸುತ್ತ ನಡೆದರು. ಹಾಳೆ ಹಿಗ್ಗಿ ಹಿಗ್ಗಿ ಮೇಜಿನ ನಾಲ್ಕೂ ಅಂಚಿನಿಂದ ಕೆಳಗೆ ಜೋತಾಡಿತು. ಕೆಳಗಿನ ಬಟ್ಟೆಯ ಹೂವು ಮೇಲಿನಿಂದ ಕಾಣುವಷ್ಟು ತೆಳ್ಳಗಾಯಿತು. ನನಗೆ ಬೆಳಗಾವಿಯ ಮಂಡಿಗೆ ನೆನಪಾಯಿತು. ಅದನ್ನೂ ಕೈಮೇಲೆ ಹೀಗೇ ಹಿಗ್ಗಿಸಿ ಬೋರಲು ಮಡಕೆಯ ಮೇಲೆ ಹಾಕುವುದಲ್ಲವೆ! ಮೊಬೈಲಿನಲ್ಲಿ ಮಂಡಿಗೆಯ ಚಿತ್ರ ತೋರಿಸಿದೆ. ನೇನಾ ಕನ್ನಡಕ ಏರಿಸಿ ನೋಡಿ ‘ಹರಿಯುವುದಿಲ್ಲವೇ?’ ಎಂದರು. ಮಗಳು ಅದನ್ನು ಕನ್ನಡಕ್ಕೆ ಹೇಳುವ ಮೊದಲೇ ನನಗೆ ಅರ್ಥವಾಗಿತ್ತು. ಸಣ್ಣಗೆ ಹೆಚ್ಚಿದ ಆಲೂಗಡ್ಡೆ, ಈರುಳ್ಳಿ, ಮೆಣಸಿನಪುಡಿಯನ್ನು ಹಾಳೆಯ ಅಂಚಿಗೆ ಸುರಿದು, ಹಗ್ಗದ ಹಾಗೆ ಸುತ್ತಿ, ದುಂಡು ತಟ್ಟೆಯಲ್ಲಿ ಚಕ್ಕುಲಿಯಂತೆ ಸುರುಳಿ ಇಟ್ಟು ಬೇಯಿಸಿದರು. ಹಳ್ಳಿಗಳಲ್ಲಿ ಇದನ್ನು ಕಬ್ಬಿಣದ ಮುಚ್ಚಳ ಮುಚ್ಚಿ ಮೇಲೆ ಕೆಂಡ ಹರಡಿ ಬೇಯಿಸುತ್ತಾರೆ. ಅದರ ರುಚಿಯೇ ಬೇರೆ ಎಂದು ಅಲ್ಲಿ ಎಲ್ಲರೂ ಹೇಳುತ್ತಾರೆ.

ಅಡುಗೆಮನೆಯ ಮೊಳೆಯಲ್ಲಿ ಒಂದು ಮಾಲೆ ತೂಗುತ್ತಿತ್ತು. ಮುಟ್ಟಿ ನೋಡಿದರೆ ಬೆಂಡೆಕಾಯಿ! ಕಿರುಬೆರಳ ಉಗುರಿನಷ್ಟು ಎಳೆಯ ಬೆಂಡೆಕಾಯಿಯನ್ನು ದಾರದಲ್ಲಿ ಪೋಣಿಸಿ ಒಣಗಿಸಿದ್ದು. ಕೋಳಿಯ ಸಾರಿಗೆ ಅದನ್ನು ಹಾಕಿ ‘ಬೇಗಳ ಸಾರು’ ಎಂಬ ಶ್ರೀಮಂತರ ಸಾರು ಮಾಡುತ್ತಾರೆ. ನನಗೆಂದು ನೇನಾ ಅದೇ ಬೆಂಡೆಯನ್ನು ಟೊಮೆಟೊ ಜತೆ ಬೇಯಿಸಿದರು. ನಾನು ಮೇಲೆ ಚಟ್ನಿಪುಡಿ ಉದುರಿಸಿದೆ. ಅವರೂ ರುಚಿ ನೋಡಿದರು. ನೀರು ಕುಡಿದರು. ಮತ್ತೊಮ್ಮೆ ಹಾಕಿಸಿಕೊಂಡರು.

ಈ ಊರಿನಲ್ಲಿ ಊಟಕ್ಕೂ ಕಾಫಿಗೂ ನೆರೆಯವರಿಲ್ಲದೆ ಆಗುವುದೇ ಇಲ್ಲ. ನೆರೆಯವರಿಗೆ ‘ಕೊಮ್ಶಿಯಾ’ ಎನ್ನುತ್ತಾರೆ, ನೆರೆಹೊರೆಯ ಆ ಬಾಳಿಗೆ ‘ಕೊಮ್ಶಿಲುಕ್’. ನೇನಾ ಕಾಫಿ ತಟ್ಟೆಯಲ್ಲಿ ಯಾವಾಗಲೂ ಒಂದು ಫಿಲ್ಜಾನ್ ಹೆಚ್ಚಿಗೆ ಇಡುತ್ತಿದ್ದರು. ನಾವು ಮೂವರು, ಅವರು, ಅವರ ಮಗಳು, ಒಟ್ಟು ಐದು ಜನ. ಬಟ್ಟಲು ಆರು. ‘ಇದು ಯಾರಿಗೆ?’ ಎಂದು ಮೊಮ್ಮಗಳು ಕೇಳಿದಳು. ‘ಬರುವವರಿಗೆ’ ಎಂದರು ನೇನಾ. ಬರುವವರು ಬಂದೇ ಬರುತ್ತಿದ್ದರು. ಎದುರು ಬಾಗಿಲಿನ ಅಜ್ಜಿ. ನೇನಾ ಮುಸ್ಲಿಮರು, ಆ ಅಜ್ಜಿ ಆರ್ಥೊಡಾಕ್ಸ್ ಕ್ರೈಸ್ತರು, ಸರ್ಬ್ ಜನಾಂಗದವರು. ಈದ್ ಹಬ್ಬಕ್ಕೆ ಅಲ್ಲಿ ಬೈರಾಮ್ ಎನ್ನುತ್ತಾರೆ. ಆ ದಿನ ಮಕ್ಕಳು ಮನೆಮನೆಗೆ ಹೋಗಿ ಹಿರಿಯರ ಕೈಗೆ ಮುತ್ತಿಟ್ಟು, ಸಿಹಿ ಮತ್ತು ದುಡ್ಡು ಗಿಟ್ಟಿಸುತ್ತಾರೆ. ನೇನಾ ಮನೆಯ ಬಕ್ಲಾವಾ ಮೊದಲು ಹೋಗುವುದು ಎದುರು ಬಾಗಿಲಿಗೆ. ಈಸ್ಟರ್ ಬಂದರೆ ಆ ಬಾಗಿಲಿನಿಂದ ಈ ಬಾಗಿಲಿಗೆ ಕೆಂಪು ಬಣ್ಣ ಹಾಕಿ ಬೇಯಿಸಿದ ಮೊಟ್ಟೆಗಳು ಬರುತ್ತವೆ. ಮಕ್ಕಳು ಮೊಟ್ಟೆಗೆ ಮೊಟ್ಟೆ ಕುಟ್ಟಿ ಯಾರದು ಒಡೆಯುವುದಿಲ್ಲವೋ ಅವರು ಗೆದ್ದರು ಎಂದು ಆಡುತ್ತಾರೆ.

ಇಷ್ಟು ಹೇಳಿ ನಿಲ್ಲಿಸಿದರೆ ಸುಳ್ಳು ಹೇಳಿದ ಹಾಗಾಗುತ್ತದೆ. ದೊಡ್ಡವರು ಮಕ್ಕಳಿಗೆ ಪಕ್ಕದಲ್ಲಿ ಕೂತು ಓದಿ ಹೇಳಿ. ಬೋಸ್ನಿಯಾ ಮೊದಲು ಯುಗೊಸ್ಲಾವಿಯ ಎಂಬ ದೊಡ್ಡ ದೇಶದ ಒಂದು ಭಾಗವಾಗಿತ್ತು. ಆ ದೇಶ ಒಡೆಯಿತು. ನೆರೆಯವರ ನಡುವೆ ‘ನೀನು ಬೇರೆ, ನಾನು ಬೇರೆ’ ಎಂಬ ಮಾತನ್ನು ಬಿತ್ತಿದವರಿದ್ದರು. 1992ರ ಏಪ್ರಿಲ್‌ನಲ್ಲಿ ಬೋಸ್ನಿಯನ್ ಸರ್ಬ್ ಸೇನೆ ಸರಾಯೆವೊ ಸುತ್ತಲಿನ ಬೆಟ್ಟಗಳ ಮೇಲೆ ಕುಳಿತು ಊರಿಗೆ ಮುತ್ತಿಗೆ ಹಾಕಿತು. ಆ ಮುತ್ತಿಗೆ 1996ರ ಫೆಬ್ರುವರಿಯವರೆಗೆ, 1,425 ದಿನ ನಡೆಯಿತು. ವಿದ್ಯುತ್ತಿಲ್ಲ, ನಲ್ಲಿಯಲ್ಲಿ ನೀರಿಲ್ಲ. ಚಳಿಗಾಲದಲ್ಲಿ ಒಲೆಗೆಂದು ಪಾರ್ಕಿನ ಮರಗಳನ್ನು ಕಡಿದರು. ಕುಡಿಯುವ ನೀರು ಊರಿನ ಬಿಯರ್ ಕಾರ್ಖಾನೆಯ ಒರತೆಯಿಂದ. ಅಲ್ಲಿಗೆ ಕ್ಯಾನು ಹಿಡಿದು ಗುಂಡಿನ ಮಳೆಯಲ್ಲೇ ಓಡಬೇಕು. 1993ರಲ್ಲಿ ವಿಮಾನ ನಿಲ್ದಾಣದ ಅಡಿಯಲ್ಲಿ ಸುಮಾರು 800 ಮೀಟರ್ ಉದ್ದದ ಸುರಂಗ ತೋಡಿ ಅಕ್ಕಿ, ಹಿಟ್ಟು, ಔಷಧ ತಂದರು. ಸುರಂಗದ ಒಂದು ತುಂಡನ್ನು ಈಗಲೂ ಉಳಿಸಿದ್ದಾರೆ. ಬಗ್ಗಿ ನಡೆದು ನೋಡಬಹುದು.

ಆಗ ನೇನಾಗೂ ಎದುರು ಬಾಗಿಲಿನವರಿಗೂ ನಲವತ್ತರ ವಯಸ್ಸು. ಒಬ್ಬರು ನೀರಿಗೆ ಹೋದರೆ ಇನ್ನೊಬ್ಬರು ಒಲೆ ನೋಡಿಕೊಳ್ಳುವುದು. ಸಹಾಯಕ್ಕೆ ಬಂದ ಅಕ್ಕಿಯನ್ನೇ ಹೂರಣ ಮಾಡಿ ಪೀತಾ ಸುತ್ತಿದರಂತೆ, ಹಾಲಿನ ಪುಡಿಯಿಂದ ಗಿಣ್ಣಿನಂಥದ್ದೇನೋ ಮಾಡಿದರಂತೆ. ಕಾಫಿಪುಡಿ ಮುಗಿದಾಗ ಬೇಳೆಯನ್ನು ಕಪ್ಪಗೆ ಹುರಿದು ಪುಡಿ ಮಾಡಿ ಕಾಯಿಸಿದರಂತೆ. ‘ಕುಡಿಯಲು ಆಗುತ್ತಿತ್ತೇ?’ ಎಂದು ಕೇಳಿದೆ. ‘ಎಲ್ಲಿ ಆಗುತ್ತೆ! ಆದರೆ ಫಿಲ್ಜಾನ್ ಹಿಡಿದು ಎದುರುಬದುರು ಕೂರಬಹುದಿತ್ತಲ್ಲ’ ಎಂದರು ಎದುರು ಬಾಗಿಲಿನ ಅಜ್ಜಿ. ‘ನಿನ್ನನ್ನು ಯಾರೂ ಬಾ ಎಂದು ಕರೆದುಕೊಂಡು ಹೋಗಲಿಲ್ಲವೇ ಬೆಟ್ಟದ ಕಡೆಗೆ?’ ಎಂದು ನನ್ನ ಮಗಳು ತಡೆತಡೆದು ಕೇಳಿದಳು. ಅವರು ಕೈ ಝಾಡಿಸಿದರು. ‘ನನ್ನ ಮನೆ ಇಲ್ಲಿ, ನನ್ನ ಕಾಫಿ ಎದುರು ಮನೆಯಲ್ಲಿ. ಎಲ್ಲಿಗೆ ಹೋಗಲಿ?’

ಸರಾಯೆವೊದವರಿಗೆ ನಗುವುದೂ ಗೊತ್ತು. ಮುತ್ತಿಗೆಯ ಕಾಲದಲ್ಲಿ ಹೊರದೇಶಗಳು ಕಳಿಸಿದ ಡಬ್ಬಿಯ ಮಾಂಸ ಎಷ್ಟು ಕೆಟ್ಟದಾಗಿತ್ತೆಂದರೆ ಬೆಕ್ಕೂ ಮೂಸುತ್ತಿರಲಿಲ್ಲ ಎಂದು ತಮಾಷೆ ಮಾಡುತ್ತಾರೆ. ಯುದ್ಧ ಮುಗಿದ ಮೇಲೆ, 2007ರಲ್ಲಿ, ಆ ಡಬ್ಬಿಗೆ ಆಳೆತ್ತರದ ಸ್ಮಾರಕ ನಿಲ್ಲಿಸಿ, ‘ಕೃತಜ್ಞ’ ನಾಗರಿಕರಿಂದ ಜಗತ್ತಿಗೆ ಅರ್ಪಣೆ ಎಂದು ಬರೆಸಿದರು!

ಊರಿನ ಮ್ಯೂಸಿಯಮ್ಮಿನಲ್ಲಿ ಇನ್ನೊಂದು ಅಪರೂಪದ ವಸ್ತುವಿದೆ, ಅದೂ ಊಟದ ಮೇಜಿಗೆ ಸೇರಿದ್ದು. ಯಹೂದಿಗಳು ಪಾಸ್ಓವರ್ ಹಬ್ಬದ ಊಟಕ್ಕೆ ಕೂತಾಗ ಓದುವ ಪುಸ್ತಕಕ್ಕೆ ಹಗ್ಗಾದಾ ಎನ್ನುತ್ತಾರೆ. ಇದು 14ನೇ ಶತಮಾನದಲ್ಲಿ ಸ್ಪೇನಿನಲ್ಲಿ ಕೈಯಿಂದ ಬರೆದು ಚಿನ್ನದ ಬಣ್ಣ ಹಾಕಿದ್ದು. ಹಾಳೆಗಳ ಮೇಲೆ ಯಾವುದೋ ಕಾಲದ ಹಬ್ಬದಲ್ಲಿ ಚೆಲ್ಲಿದ ದ್ರಾಕ್ಷಾರಸದ ಕಲೆಗಳಿವೆ. ಸ್ಪೇನಿನಿಂದ ಹೊರದೂಡಲ್ಪಟ್ಟ ಯಹೂದಿಗಳು ಸರಾಯೆವೊಗೆ ಬಂದು ನೆಲೆಸಿದ್ದರು. ಎರಡನೆಯ ಮಹಾಯುದ್ಧದಲ್ಲಿ ನಾಜಿ ಅಧಿಕಾರಿ ಈ ಪುಸ್ತಕವನ್ನು ಕಿತ್ತುಕೊಳ್ಳಲು ಬಂದಾಗ, ಮ್ಯೂಸಿಯಮ್ಮಿನ ಗ್ರಂಥಪಾಲಕ ದೆರ್ವಿಶ್ ಕೊರ್ಕುತ್ ಅದನ್ನು ಅಡಗಿಸಿ ಉಳಿಸಿದರು. ಅವರು ಮುಸ್ಲಿಮರು. ಬೆಟ್ಟದ ಹಳ್ಳಿಯೊಂದರಲ್ಲಿ ಅದನ್ನು ಬಚ್ಚಿಟ್ಟಿದ್ದರೆಂದು ಹೇಳುತ್ತಾರೆ. 1992ರಲ್ಲಿ ಗುಂಡು ಬೀಳುತ್ತಿದ್ದಾಗ ಮತ್ತೆ ಅದೇ ಪುಸ್ತಕವನ್ನು ಮ್ಯೂಸಿಯಮ್ಮಿನಿಂದ ಹೊರತೆಗೆದು ಕಾಪಾಡಿದರು.

ನಡುವೆ ಒಂದು ದಿನ ಮೋಸ್ತಾರ್ ಎಂಬ ಊರಿಗೂ ಹೋಗಿಬಂದೆವು. 1566ರಲ್ಲಿ ಮುಗಿದ ಒಂಟಿ ಕಮಾನಿನ ಕಲ್ಲು ಸೇತುವೆ ಅಲ್ಲಿನ ಹೆಗ್ಗಳಿಕೆ. ಯುದ್ಧದಲ್ಲಿ, 1993ರ ನವೆಂಬರ್ 9ರಂದು, ಫಿರಂಗಿ ಹೊಡೆದು ಬೀಳಿಸಿದ್ದರು. ಹಳೆಯ ರೀತಿಯಲ್ಲೇ ಕಲ್ಲು ಕಡೆದು 2004ರಲ್ಲಿ ಮತ್ತೆ ಕಟ್ಟಿದ್ದಾರೆ. ಊರಿನ ಹುಡುಗರು 20 ಮೀಟರಿಗೂ ಎತ್ತರದ ಆ ಕಮಾನಿನ ಮೇಲಿಂದ ಐಸಿನಂಥ ಹೊಳೆಗೆ ಹಾರುತ್ತಾರೆ. ಹಾರುವ ಮೊದಲು ಟೋಪಿ ಹಿಡಿದು ದುಡ್ಡೆತ್ತುತ್ತಾರೆ, ಸಾಕಷ್ಟು ಬೀಳುವವರೆಗೆ ‘ಈಗ ಹಾರಿದೆ, ಈಗ ಹಾರಿದೆ’ ಎಂದು ಸತಾಯಿಸುತ್ತಾರೆ.

ಜುಲೈ 11ರ ಬೆಳಗ್ಗೆ ನೇನಾ ಮನೆಯಲ್ಲಿ ಮಾತಿರಲಿಲ್ಲ. ಟಿ.ವಿ.ಯಲ್ಲಿ ಬಿಳಿ ಕಲ್ಲುಗಳ ಸಾಲುಗಳಿದ್ದ ಒಂದು ಹಸಿರು ಬಯಲು. 1995ರಲ್ಲಿ ಆ ದಿನ, ದೇಶದ ಪೂರ್ವದ ಸ್ರೆಬ್ರೆನಿತ್ಸಾ ಎಂಬ ಊರು ಅದೇ ಬೋಸ್ನಿಯನ್ ಸರ್ಬ್ ಸೇನೆಯ ಕೈಗೆ ಬಿತ್ತು. ಮುಂದಿನ ಕೆಲವೇ ದಿನಗಳಲ್ಲಿ 8,000ಕ್ಕೂ ಹೆಚ್ಚು ಮುಸ್ಲಿಂ ಗಂಡಸರನ್ನೂ ಹುಡುಗರನ್ನೂ ಕೊಂದರು. ಅಂತಾರಾಷ್ಟ್ರೀಯ ನ್ಯಾಯಾಲಯ ಇದನ್ನು ಜನಾಂಗಹತ್ಯೆ ಎಂದು ತೀರ್ಪು ಕೊಟ್ಟಿದೆ. ಇಂದಿಗೂ ಸಿಕ್ಕ ಮೂಳೆಗಳನ್ನು ಗುರುತು ಹಿಡಿದು, ಪ್ರತಿವರ್ಷ ಈ ದಿನ ಮಣ್ಣು ಮಾಡುತ್ತಾರೆ.

ಗಂಡನನ್ನು ಕಳೆದುಕೊಂಡ ಅಲ್ಲಿನ ಹೆಂಗಸೊಬ್ಬರು, ಅವರ ಜತೆ ಕೂತು ಕಾಫಿ ಕುಡಿಯುವುದೇ ತನಗೆ ಎಲ್ಲಕ್ಕಿಂತ ನೆನಪಾಗುವುದು ಎಂದಿದ್ದರಂತೆ. ಬೋಸ್ನಿಯಾದ ಕಲಾವಿದೆ ಆಯಿದಾ ಶೆಹೋವಿಚ್ ಆ ಮಾತಿನಿಂದ ಒಂದು ಸ್ಮಾರಕ ಮಾಡಿದರು. ಸತ್ತ ಒಬ್ಬೊಬ್ಬರಿಗೂ ಒಂದೊಂದು ಫಿಲ್ಜಾನ್. ಮನೆಮನೆಗಳಿಂದ ಬಟ್ಟಲು ಕೇಳಿ ತಂದರು. 2006ರಿಂದ ಪ್ರತಿವರ್ಷ ಜುಲೈ 11ರಂದು ಯಾವುದಾದರೂ ಊರಿನ ಚೌಕದಲ್ಲಿ ಅವನ್ನು ನೆಲದ ಮೇಲೆ ಜೋಡಿಸಿದರು. ದಾರಿಹೋಕರು ಬಗ್ಗಿ ಒಂದೊಂದಕ್ಕೂ ಬಿಸಿ ಕಾಫಿ ಸುರಿಯುತ್ತಿದ್ದರು. ಯಾರೂ ಕುಡಿಯುವುದಿಲ್ಲ. ಅದರ ಹೆಸರು ‘ಶ್ತೊ ತೆ ನೆಮಾ’. ನೀನೇಕೆ ಇಲ್ಲಿಲ್ಲ, ಎಂದು. ನ್ಯೂಯಾರ್ಕ್, ಇಸ್ತಾಂಬುಲ್, ಜಿನೀವಾ ಎಂದು ಊರೂರು ಸುತ್ತಿ, 2020ರಲ್ಲಿ ಆ ಬಟ್ಟಲುಗಳು ಸ್ರೆಬ್ರೆನಿತ್ಸಾದ ಸ್ಮಾರಕದ ಬಯಲಿಗೇ ಬಂದವು. ನೇನಾ ಮನೆಯಿಂದಲೂ ಎರಡು ಹೋಗಿವೆಯಂತೆ. ಗೂಡಿನಲ್ಲಿದ್ದ ನೀಲಿ ಹೂವಿನ ಜತೆಯಲ್ಲಿ ಎರಡು ಕಡಿಮೆ ಇತ್ತು.

ಆ ದಿನ ಕಾಫಿಯ ಹೊತ್ತಿಗೆ ಎದುರು ಬಾಗಿಲಿನ ಅಜ್ಜಿ ಎಂದಿಗಿಂತ ಬೇಗ ಬಂದರು. ಅವರೇ ಒಲೆಯ ಮುಂದೆ ನಿಂತು ಕಾಫಿ ಮಾಡಿ, ನೇನಾಗೆ ಮೊದಲು ಕೊಟ್ಟರು. ಇಬ್ಬರೂ ಮಾತಾಡಲಿಲ್ಲ. ಮೊಮ್ಮಗಳು ಎದ್ದು ಹೋಗಿ ಇಬ್ಬರ ನಡುವೆ ಕೂತುಕೊಂಡಳು. ಪ್ರವಾಸದ ಪುಸ್ತಕಗಳಲ್ಲಿ ಕೆಲವು ಈ ದೇಶವನ್ನು ಬರೀ ಯುದ್ಧದ ಕಥೆಯಾಗಿ ಹೇಳುತ್ತವೆ, ಕೆಲವು ಬರೀ ಚೆವಾಪಿಯ ಕಥೆಯಾಗಿ. ಎರಡರಲ್ಲೂ ಆ ಸೋಫಾ ಇಲ್ಲ.

ಹೊರಡುವ ದಿನ ನೇನಾ ನನಗೊಂದು ಸಿಹಿ ಕಲಿಸಿದರು. ಹೆಸರು ತುಫಾಹಿಯಾ. ಅರಬ್ಬಿಯಲ್ಲಿ ‘ತುಫ್ಫಾಹ್’ ಎಂದರೆ ಸೇಬು. ಮೊಟ್ಟೆಯಿಲ್ಲ, ಒಲೆಯ ಕೆಲಸಕ್ಕೆ ದೊಡ್ಡವರು ಜತೆಗಿದ್ದರೆ ನೀವೂ ಮಾಡಬಹುದು. ಗಟ್ಟಿಯಾದ, ಸ್ವಲ್ಪ ಹುಳಿಯಿರುವ ಆರು ಸೇಬು ತೆಗೆದುಕೊಳ್ಳಿ. ಸಿಪ್ಪೆ ಹೆರೆದು, ತಳ ತೂತಾಗದಂತೆ ನಡುವಿನ ಬೀಜದ ಭಾಗವನ್ನು ಕೊರೆದು ತೆಗೆಯಿರಿ. ನಾಲ್ಕು ಲೋಟ ನೀರಿಗೆ ಒಂದೂವರೆ ಲೋಟ ಸಕ್ಕರೆ, ಅರ್ಧ ನಿಂಬೆಹಣ್ಣಿನ ರಸ ಹಾಕಿ ಕುದಿಸಿ, ಸೇಬುಗಳನ್ನು ಇಳಿಬಿಟ್ಟು ಸಣ್ಣ ಉರಿಯಲ್ಲಿ ಬೇಯಿಸಿ. ಪಕ್ಕದಲ್ಲೇ ನಿಂತಿರಬೇಕು. ಚಾಕುವಿನ ತುದಿ ಸುಲಭವಾಗಿ ಇಳಿದರೆ ಸಾಕು, ಇನ್ನೆರಡು ನಿಮಿಷ ಬಿಟ್ಟರೆ ಸೇಬು ಕರಗಿ ಗೊಜ್ಜಾಗುತ್ತದೆ. ಮೆಲ್ಲಗೆ ಹೊರತೆಗೆದು ಆರಲು ಬಿಡಿ. ಒಂದು ಲೋಟ ಅಕ್ರೋಟನ್ನು ತರಿತರಿಯಾಗಿ ಪುಡಿ ಮಾಡಿ, ಎರಡು ಚಮಚ ಸಕ್ಕರೆ, ಸ್ವಲ್ಪ ಕೆನೆ ಸೇರಿಸಿ ಸೇಬಿನ ಹೊಟ್ಟೆಗೆ ತುಂಬಿ. ಉಳಿದ ಪಾಕವನ್ನು ಇನ್ನಷ್ಟು ಕುದಿಸಿ ಮಂದವಾದ ಮೇಲೆ ಸುತ್ತ ಸುರಿಯಿರಿ. ನೇನಾ ಪಾಕಕ್ಕೆ ಬೇರೇನೂ ಹಾಕುವುದಿಲ್ಲ. ನಾನು ಊರಿಗೆ ಬಂದ ಮೇಲೆ ಎರಡು ಏಲಕ್ಕಿ ಜಜ್ಜಿ ಹಾಕಿ ನೋಡಿದೆ, ಚೆನ್ನಾಗಿಯೇ ಇತ್ತು. ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ, ತಿನ್ನುವಾಗ ಮೇಲೊಂದು ಚಮಚ ಕೆನೆ.